ಎರಡನೇ ಯಂತ್ರದ ಹೆಸರುಗಳು

2024ರ ಮೇ 7ರಂದು ದಾವಣಗೆರೆ ಲೋಕಸಭಾ ಕ್ಷೇತ್ರದ ಪ್ರತಿ ಮತಗಟ್ಟೆಯಲ್ಲೂ ಒಂದರ ಪಕ್ಕ ಒಂದರಂತೆ ಎರಡು ಬ್ಯಾಲೆಟ್ ಯೂನಿಟ್ ಇಡಬೇಕಾಗಿ ಬಂತು. ಒಂದು ಯೂನಿಟ್ಟಿನಲ್ಲಿ 16 ಗುಂಡಿ. ಕಣದಲ್ಲಿದ್ದವರು 30 ಮಂದಿ, ಕೊನೆಗೆ ನೋಟಾ. ಅಂದು ರಾಜ್ಯದಲ್ಲಿ ಮತದಾನ ನಡೆದ 14 ಕ್ಷೇತ್ರಗಳಲ್ಲಿ ಇಷ್ಟು ಅಭ್ಯರ್ಥಿಗಳಿದ್ದದ್ದು ಇಲ್ಲಿ ಮಾತ್ರ. ಮೊದಲ ಯಂತ್ರದ ಮೇಲ್ತುದಿಯಲ್ಲೇ ಕಮಲ, ಕೈ ಸಿಕ್ಕಿಬಿಡುವುದರಿಂದ ಬಹುಪಾಲು ಮತದಾರರ ಕಣ್ಣು ಎರಡನೆಯದರ ಕಡೆ ಹೊರಳುವುದೇ ಇಲ್ಲ. ಅಲ್ಲಿದ್ದ ಹದಿನಾಲ್ಕು ಹೆಸರುಗಳಲ್ಲಿ ಒಂದನ್ನಾದರೂ ಹೇಳಿ ಎಂದು ಇವತ್ತು ಜಯದೇವ ವೃತ್ತದಲ್ಲಿ ನಿಂತು ಕೇಳಿದರೆ ಎಷ್ಟು ಜನ ಹೇಳಿಯಾರು?

ಈ ಹೆಸರುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಎರಡೇ ಸಲ. ನಾಮಪತ್ರ ವಾಪಸಾತಿ ಮುಗಿದ ಮರುದಿನ, ‘ಅಂತಿಮ ಕಣದಲ್ಲಿರುವವರು’ ಎಂಬ ಪಟ್ಟಿಯಲ್ಲಿ ಒಮ್ಮೆ. ಫಲಿತಾಂಶದ ದಿನ ‘ಇತರರು’ ಎಂಬ ಒಂದೇ ಸಾಲಿನಲ್ಲಿ ಇನ್ನೊಮ್ಮೆ; ಅಲ್ಲಿ ಹೆಸರೂ ಇರುವುದಿಲ್ಲ. ನಡುವೆ ಫೋಟೊ ಬರಬೇಕಾದರೆ ಏನಾದರೂ ವಿಚಿತ್ರ ಮಾಡಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಯಾದಗಿರಿಯ ಪಕ್ಷೇತರರೊಬ್ಬರು 10,000 ರೂಪಾಯಿ ಠೇವಣಿಯನ್ನು ಒಂದೊಂದು ರೂಪಾಯಿ ನಾಣ್ಯಗಳಲ್ಲಿ ತಂದು ಸುರಿದಾಗ ರಾಜ್ಯದ ಎಲ್ಲ ಪತ್ರಿಕೆಗಳಲ್ಲೂ ಚಿತ್ರ ಬಂತು. ಎತ್ತಿನ ಗಾಡಿಯಲ್ಲಿ ಬಂದರೆ ಚಿತ್ರ, ಕತ್ತೆಯ ಮೇಲೆ ಬಂದರೆ ದೊಡ್ಡ ಚಿತ್ರ. ಆಮೇಲೆ ನಾವೇ ‘ಪ್ರಚಾರಪ್ರಿಯ’ ಎಂದು ನಗುತ್ತೇವೆ. ಪ್ರಚಾರಕ್ಕೆ ಬೇರೆ ದಾರಿ ಯಾವುದಿತ್ತು ಎಂದು ಮಾತ್ರ ಕೇಳುವುದಿಲ್ಲ.

ದಾರಿ ಎಲ್ಲೆಲ್ಲಿ ಮುಚ್ಚಿದೆ ಎಂಬುದನ್ನು ಕಾನೂನಿನಿಂದಲೇ ನೋಡೋಣ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಲೋಕಸಭೆಗೆ ಠೇವಣಿ 500 ರೂಪಾಯಿ, ವಿಧಾನಸಭೆಗೆ 250. ಪರಿಶಿಷ್ಟರಿಗೆ ಅದರ ಅರ್ಧ. ದಶಕಗಳ ಕಾಲ ಅದು ಹಾಗೇ ಇತ್ತು. ಮೊದಲ ಲೋಕಸಭೆಗೆ 37 ಮಂದಿ ಪಕ್ಷೇತರರು ಗೆದ್ದು ಹೋದರು. 1957ರಲ್ಲಿ 42 ಮಂದಿ. 1967ರಲ್ಲಿ ನಮ್ಮ ಚುಟುಕು ಕವಿ ದಿನಕರ ದೇಸಾಯಿ ಕೆನರಾ ಕ್ಷೇತ್ರದಿಂದ ಹೀಗೇ ಪಕ್ಷೇತರರಾಗಿ ಸಂಸತ್ತಿಗೆ ಹೋದವರು.

ಆಮೇಲೆ 1996 ಬಂತು. ಆ ವರ್ಷ ನಲ್ಗೊಂಡದಲ್ಲಿ ಫ್ಲೋರೈಡ್ ನೀರು ಕುಡಿದು ಕೈಕಾಲು ಸೊಟ್ಟಗಾದ ಜನರ ಕಡೆ ದೆಹಲಿ ತಿರುಗಿ ನೋಡಲಿ ಎಂದು 480 ಮಂದಿ ಲೋಕಸಭೆಗೆ ನಿಂತರು. ಗಡಿ ವಿವಾದದ ಹೆಸರಿನಲ್ಲಿ ನಮ್ಮ ಬೆಳಗಾವಿಯಲ್ಲಿ 456 ಮಂದಿ. ತಮಿಳುನಾಡಿನ ಮೊಡಕ್ಕುರಿಚಿ ವಿಧಾನಸಭಾ ಕ್ಷೇತ್ರದಲ್ಲಂತೂ 1,033 ಮಂದಿ. ಅಲ್ಲಿ ಮತಪತ್ರ ಒಂದು ಪುಸ್ತಕವೇ ಆಯಿತು. ಇವರಲ್ಲಿ ಗೆಲ್ಲುವ ಆಸೆ ಯಾರಿಗೂ ಇರಲಿಲ್ಲ. ಅರ್ಜಿ ಕೊಟ್ಟು, ಧರಣಿ ಕೂತು, ಯಾರೂ ಕಣ್ಣೆತ್ತಿ ನೋಡದಿದ್ದಾಗ ನಾಮಪತ್ರವನ್ನೇ ಅರ್ಜಿ ಮಾಡಿಕೊಂಡವರು. ಸರ್ಕಾರ ಅರ್ಜಿಯನ್ನು ಓದಲಿಲ್ಲ, ಅರ್ಜಿ ಕೊಡುವ ಕಿಟಕಿಯನ್ನೇ ಸಣ್ಣದು ಮಾಡಿತು.

ಅದೇ ವರ್ಷ ಕಾಯ್ದೆಗೆ ತಿದ್ದುಪಡಿ. ಠೇವಣಿ ಲೋಕಸಭೆಗೆ 10,000, ವಿಧಾನಸಭೆಗೆ 5,000 ಆಯಿತು. 2009ರ ಕೊನೆಯ ಹೊತ್ತಿಗೆ ಅದು 25,000 ಮತ್ತು 10,000ಕ್ಕೆ ಏರಿತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು ಮಂದಿ ಬೇಕು. ವಾಪಸಾತಿಗೂ ಮತದಾನಕ್ಕೂ ನಡುವೆ ಇರಬೇಕಾದ ಕನಿಷ್ಠ ಅವಧಿ 20 ದಿನದಿಂದ 14ಕ್ಕೆ ಇಳಿಯಿತು. ಯಂತ್ರದಲ್ಲಿ ಹೆಸರುಗಳ ಸಾಲು ಮೂರು ಪಂಕ್ತಿ: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ನಂತರ ನೋಂದಣಿ ಮಾತ್ರ ಆಗಿರುವ ಪಕ್ಷಗಳವರು, ಕೊನೆಯಲ್ಲಿ ಪಕ್ಷೇತರರು. ಅಕಾರಾದಿ ಕ್ರಮ ಆಯಾ ಪಂಕ್ತಿಯ ಒಳಗಷ್ಟೇ. ಹಾಗಾಗಿ ‘ಅ’ದಿಂದ ಶುರುವಾಗುವ ಹೆಸರಿಟ್ಟುಕೊಂಡರೂ ಪಕ್ಷೇತರ ಹಿಂದಿನ ಬೆಂಚಿಗೇ.

ಕಾಯ್ದೆಯ ತಿದ್ದುಪಡಿಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅಂಶ. ಮೊದಲು ಕಣದಲ್ಲಿದ್ದ ಯಾವ ಅಭ್ಯರ್ಥಿ ಮತದಾನಕ್ಕೆ ಮುಂಚೆ ತೀರಿಕೊಂಡರೂ ಚುನಾವಣೆ ರದ್ದಾಗುತ್ತಿತ್ತು. ಈಗ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಮಾತ್ರ ಮತದಾನ ಮುಂದಕ್ಕೆ ಹೋಗುತ್ತದೆ. ಪಕ್ಷೇತರ ಸತ್ತರೆ ಮತದಾನ ನಿಗದಿತ ದಿನವೇ ನಡೆಯುತ್ತದೆ, ಯಂತ್ರದ ಮೇಲೆ ಸತ್ತವನ ಹೆಸರೂ ಇರುತ್ತದೆ. ಇದಕ್ಕೆ ಕಾರಣ ಇಲ್ಲದಿಲ್ಲ. ಚುನಾವಣೆ ನಿಲ್ಲಿಸಲೆಂದೇ ಯಾರೋ ಒಬ್ಬ ಪಕ್ಷೇತರನನ್ನು ಕೊಂದುಬಿಡುವ ಅಪಾಯ ಆ ಕಾಲದಲ್ಲಿ ಬರೀ ಕಲ್ಪನೆಯಾಗಿರಲಿಲ್ಲ. ಆದರೂ ಕಾನೂನು ಇಷ್ಟು ನೇರವಾಗಿ ‘ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಹೇಳಿದ್ದು ಬೇರೆಲ್ಲೂ ಕಾಣೆ.

ಮಿಕ್ಕ ಸವಲತ್ತುಗಳೂ ಹೀಗೇ. ಆಕಾಶವಾಣಿ, ದೂರದರ್ಶನದಲ್ಲಿ ಭಾಷಣಕ್ಕೆ ಸಮಯ ಸಿಗುವುದು ಮಾನ್ಯತೆ ಪಡೆದ ಪಕ್ಷಗಳಿಗೆ. ಮತದಾರರ ಪಟ್ಟಿಯ ಉಚಿತ ಪ್ರತಿ ಅವರಿಗೆ. ತಾರಾ ಪ್ರಚಾರಕರು ಅವರಿಗೆ 40 ಜನ, ನೋಂದಾಯಿತ ಪಕ್ಷಗಳಿಗೆ 20 ಜನ. ಇವರ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷೇತರನಿಗೆ ತಾರೆಯೂ ಇಲ್ಲ, ವಿನಾಯಿತಿಯೂ ಇಲ್ಲ. ಬಾಡಿಗೆ ಆಟೊ, ಮೈಕು, ಕರಪತ್ರ, ಜೊತೆಗೆ ಬಂದ ಹುಡುಗರಿಗೆ ಕೊಡಿಸಿದ ಮಂಡಕ್ಕಿ ಮಿರ್ಚಿ ಎಲ್ಲವೂ ಅವನ ಖಾತೆಗೇ.

ಚಿಹ್ನೆಯ ಮಾತಿಗೆ ಬಂದರೆ ಲೆಕ್ಕ ಇನ್ನೂ ಬಿಗಿ. 2024ರಲ್ಲಿ ವಾಪಸಾತಿಗೆ ಕೊನೆಯ ದಿನ ಏಪ್ರಿಲ್ 22. ಪಕ್ಷೇತರರಿಗೆ ಚಿಹ್ನೆ ಕೈಗೆ ಬರುವುದು ಅದಾದ ಮೇಲೆ. ಬಹಿರಂಗ ಪ್ರಚಾರ ನಿಂತದ್ದು ಮೇ 5ರ ಸಂಜೆ. ಅಂದರೆ ಹದಿಮೂರು ದಿನ. ಕ್ಷೇತ್ರದ ಮತದಾರರು ಸುಮಾರು 17 ಲಕ್ಷ. ಜಗಳೂರಿನಿಂದ ಹೊನ್ನಾಳಿಯವರೆಗೆ, ಹರಪನಹಳ್ಳಿಯಿಂದ ಚನ್ನಗಿರಿಯವರೆಗೆ ಎಂಟು ವಿಧಾನಸಭಾ ಕ್ಷೇತ್ರ. ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಜನರಿಗೆ ‘ನನ್ನ ಗುರುತು ಹೊಲಿಗೆ ಯಂತ್ರ’ ಎಂದು ಹೇಳಬೇಕು. ಕಮಲಕ್ಕೂ ಕೈಗೂ ಈ ಕೆಲಸ ದಶಕಗಳ ಹಿಂದೆಯೇ ಮುಗಿದಿದೆ. ಮುಕ್ತ ಚಿಹ್ನೆಗಳ ಪಟ್ಟಿಯಲ್ಲಿ ಮೂರನ್ನು ಬರೆದುಕೊಡಬಹುದು. ಅದನ್ನೇ ಇನ್ನೊಬ್ಬರೂ ಕೇಳಿದ್ದರೆ ಚೀಟಿ ಎತ್ತುತ್ತಾರೆ. ಕಳೆದ ಸಲದ ಚಿಹ್ನೆ ಈ ಸಲ ಸಿಗುತ್ತದೆಂಬ ಖಾತರಿಯಿಲ್ಲ, ಹಾಗಾಗಿ ಪ್ರತಿ ಸಲವೂ ಮೊದಲಿನಿಂದ. ಬ್ಯಾಟು, ಮಿಕ್ಸಿ, ಬೆಂಡೆಕಾಯಿ, ಕಲ್ಲಂಗಡಿ... ಚುನಾವಣಾ ಆಯೋಗದ ಎಂ.ಎಸ್. ಸೇಠಿ ಎಂಬ ನಕ್ಷೆಗಾರರು ಪೆನ್ಸಿಲ್ ಹಿಡಿದು ಬರೆದ ಹಳೆಯ ಚಿತ್ರಗಳು ಇನ್ನೂ ಬಳಕೆಯಲ್ಲಿವೆ. ಪಟ್ಟಿಯಲ್ಲಿ ಹಸಿಮೆಣಸಿನಕಾಯಿಯೂ ಇದೆ. ದಾವಣಗೆರೆಯಲ್ಲಿ ನಿಲ್ಲುವವರು ಅದನ್ನು ಯಾಕೆ ಮೊದಲು ಕೇಳುವುದಿಲ್ಲವೋ. ಸಂಜೆ ಹೊತ್ತಿಗೆ ಊರ ತುಂಬ ಮಿರ್ಚಿ ಕರಿಯುವ ಎಣ್ಣೆ ಬಾಂಡಲೆಗಳೇ ಪ್ರಚಾರ ಮಾಡುತ್ತಿದ್ದವು.

ಇಷ್ಟೆಲ್ಲ ದಾಟಿ ಬಂದವನಿಗೆ ಊರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ನಿಮ್ಮ ವಿಚಾರ ಏನು’ ಎಂದಲ್ಲ. ‘ಯಾರು ನಿಲ್ಲಿಸ್ಯಾರಣ್ಣ ನಿನ್ನ?’ ಎಂದು. ಎರಡನೆಯದು: ‘ಯಾವ ಜನ?’ ಎರಡಕ್ಕೂ ಉತ್ತರ ಸಿಕ್ಕಿತೆಂದರೆ ಕೇಳಿದವರ ಮಟ್ಟಿಗೆ ಅಭ್ಯರ್ಥಿಯ ಪರಿಚಯ ಮುಗಿಯಿತು. ಇಂಥ ಜಾತಿಯವನು, ಇಂಥವರ ದುಡ್ಡು, ಇಂಥವರ ಮತ ಒಡೆಯಲು ನಿಂತಿದ್ದಾನೆ. ತಾನಾಗಿಯೇ ನಿಂತೆ ಎಂದರೆ ನಂಬುವವರಿಲ್ಲ. ನಂಬಿದರೆ ‘ತಲೆ ಕೆಟ್ಟಿದೆ’ ಎನ್ನುತ್ತಾರೆ.

ಊರಿನವರ ಈ ಅನುಮಾನವನ್ನು ನಾನು ಪೂರಾ ತಳ್ಳಿಹಾಕಲಾರೆ. ಡಮ್ಮಿ ಅಭ್ಯರ್ಥಿಗಳು ಇರುವುದು ಎಲ್ಲರಿಗೂ ಗೊತ್ತು. ಪ್ರತಿ ಅಭ್ಯರ್ಥಿಗೂ ಮತಗಟ್ಟೆಯಲ್ಲಿ ಒಬ್ಬ ಏಜೆಂಟ್ ಕೂರಿಸುವ ಹಕ್ಕಿದೆ, ವಾಹನಕ್ಕೆ ಪರವಾನಗಿ ಇದೆ, ಎಣಿಕೆ ಮೇಜಿನಲ್ಲಿ ಜಾಗವಿದೆ. ದೊಡ್ಡವರ ದುಡ್ಡಿನಲ್ಲಿ ಠೇವಣಿ ಕಟ್ಟಿಸಿಕೊಂಡವನ ಏಜೆಂಟು ದೊಡ್ಡವರ ಏಜೆಂಟೇ. ಹೆಸರಿನ ಆಟ ಇನ್ನೊಂದು. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಷ್ ಪಕ್ಷೇತರರಾಗಿ ನಿಂತಾಗ ಅದೇ ಹೆಸರಿನ ಇನ್ನೂ ಮೂವರು ಮಹಿಳೆಯರು ಕಣಕ್ಕೆ ಬಂದಿದ್ದರು. ಆದರೆ ಗಮನಿಸಿ: ಠೇವಣಿಯನ್ನು ಎಷ್ಟು ಏರಿಸಿದರೂ ಈ ಡಮ್ಮಿಗಳಿಗೆ ನೋವಿಲ್ಲ, ಕಟ್ಟುವವರು ಬೇರೆ. 25,000 ರೂಪಾಯಿಯ ಬಿಸಿ ತಟ್ಟುವುದು ಸ್ವಂತ ದುಡಿಮೆಯಿಂದ ಕಟ್ಟುವವನಿಗೆ. ತಡೆಯಬೇಕಾದವರನ್ನು ಬಿಟ್ಟು ಬೇರೆಯವರನ್ನು ತಡೆಯುವ ಬೇಲಿ ಅದು.

ಇಂಥವನ ಬದುಕಿನಲ್ಲಿ ಒಂದೆರಡು ದಿನ ಮಾತ್ರ ಎಲ್ಲರಿಗೂ ಅವನ ಹೆಸರು ಬಾಯಿಪಾಠವಾಗಿರುತ್ತದೆ. ನಾಮಪತ್ರ ಪರಿಶೀಲನೆ ಮುಗಿದ ಗಳಿಗೆಯಿಂದ ವಾಪಸಾತಿಯ ದಿನ ಮಧ್ಯಾಹ್ನ ಮೂರು ಗಂಟೆಯವರೆಗೆ. ಆಗ ಫೋನು ಬಿಡುವಿಲ್ಲ. ಸಮಾಜದ ಹಿರಿಯರು ಮನೆಗೆ ಬರುತ್ತಾರೆ. ಮಠದಿಂದ ಒಂದು ಮಾತು ಬರುತ್ತದೆ. ‘ನೀನು ಹಿಂದಕ್ಕೆ ತಗೊಂಡ್ರೆ ಮುಂದೆ ನಿಗಮವೋ ಮಂಡಳಿಯೋ ನೋಡೋಣ’ ಎಂಬ ಸಮಾಧಾನ. ನಾಮಪತ್ರ ವಾಪಸ್ ಪಡೆದರೆ ಠೇವಣಿಯೂ ಪೂರಾ ವಾಪಸ್. ಇನ್ನೂರು ಮತ ಬರುವವನನ್ನು ಹೀಗೇಕೆ ಓಲೈಸುತ್ತಾರೆ? ಅಂತರ ಇನ್ನೂರೇ ಆಗಿಬಿಟ್ಟರೆ ಎಂಬ ಭಯ. ಮೂರು ಗಂಟೆ ಹೊಡೆಯಿತೋ ಫೋನು ನಿಂತಿತು.

ಈ ಭಯಕ್ಕೆ ದಾವಣಗೆರೆಯ ಇತಿಹಾಸವೇ ಸಾಕ್ಷಿ. 1991ರಲ್ಲಿ ಇಲ್ಲಿ ಕಾಂಗ್ರೆಸ್ಸಿನ ಚನ್ನಯ್ಯ ಒಡೆಯರ್ ಬಿಜೆಪಿಯ ಎಸ್.ಎ. ರವೀಂದ್ರನಾಥ್ ಅವರನ್ನು ಸೋಲಿಸಿದ್ದು ಬರೀ 455 ಮತಗಳಿಂದ. 2009ರಲ್ಲಿ ಬಿಜೆಪಿಯ ಜಿ.ಎಂ. ಸಿದ್ದೇಶ್ವರ ಅವರಿಗೂ ಕಾಂಗ್ರೆಸ್ಸಿನ ಎಸ್.ಎಸ್. ಮಲ್ಲಿಕಾರ್ಜುನ್ ಅವರಿಗೂ ನಡುವೆ ಉಳಿದದ್ದು 2,024 ಮತ. ಎಂಟು ಲಕ್ಷಕ್ಕೂ ಮೀರಿ ಮತಗಳನ್ನು ಇಬ್ಬರೇ ಹಂಚಿಕೊಂಡ ಚುನಾವಣೆಯಲ್ಲಿ ಅಂತರ ಇಷ್ಟು. ಇಂಥ ಕಡೆ ‘ಇತರರು’ ಎಂಬ ಸಾಲು ಸಣ್ಣದಲ್ಲ. ಆದರೆ ಅದರಿಂದ ಇತರರಿಗೆ ಸಿಗುವುದು ಗೌರವವಲ್ಲ. ಸೋತವರ ಮನೆಯ ಶಾಪ.

ಇಲ್ಲಿ ‘ಪಕ್ಷೇತರ’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಎರಡು ಬೇರೆ ಬೇರೆ ಜನರಿದ್ದಾರೆ. 2023ರ ವಿಧಾನಸಭೆ ಫಲಿತಾಂಶ ನೋಡಿ. ಹರಪನಹಳ್ಳಿಯಲ್ಲಿ ಎಂ.ಪಿ. ಪ್ರಕಾಶ್ ಅವರ ಮಗಳು ಲತಾ ಮಲ್ಲಿಕಾರ್ಜುನ್ ಪಕ್ಷೇತರರಾಗಿ ನಿಂತು ಗೆದ್ದೇಬಿಟ್ಟರು. ಜಗಳೂರಿನಲ್ಲಿ ಗೆಲುವಿನ ಅಂತರ 874 ಮತ. ಮೂರನೇ ಸ್ಥಾನದಲ್ಲಿದ್ದ ಮಾಜಿ ಶಾಸಕ ಎಚ್.ಪಿ. ರಾಜೇಶ್ ಪಕ್ಷೇತರರಾಗಿ 49 ಸಾವಿರಕ್ಕೂ ಹೆಚ್ಚು ಮತ ಪಡೆದು ಗೆದ್ದವರ ಬೆನ್ನಿಗೇ ಇದ್ದರು. ಚನ್ನಗಿರಿಯಲ್ಲಿ ಎರಡನೇ ಸ್ಥಾನ ಪಕ್ಷೇತರ ಮಾಡಾಳ್ ಮಲ್ಲಿಕಾರ್ಜುನ್ ಅವರದು. ಒಂದೇ ಲೋಕಸಭಾ ಕ್ಷೇತ್ರದ ಒಳಗೆ ಇಷ್ಟು ಪಕ್ಷೇತರ ಮತ! ಪಕ್ಷಗಳ ಹಿಡಿತ ಸಡಿಲಾಯಿತೆಂದು ಸಂತೋಷಪಡುವ ಮುನ್ನ ಇವರು ಯಾರೆಂದು ನೋಡಬೇಕು. ಟಿಕೆಟ್ ತಪ್ಪಿದವರು, ಮನೆತನ ಇದ್ದವರು, ಕಾರ್ಯಕರ್ತರ ಪಡೆಯನ್ನು ಜೊತೆಗೇ ಎಬ್ಬಿಸಿಕೊಂಡು ಬಂದವರು. ಅವರನ್ನು ಜನಕ್ಕೆ ಪರಿಚಯಿಸುವ ಅಗತ್ಯವೇ ಇರಲಿಲ್ಲ. ಬಂಡಾಯ ಅಭ್ಯರ್ಥಿಗೂ ಒಂಟಿ ಅಭ್ಯರ್ಥಿಗೂ ಕಾನೂನಿನಲ್ಲಿ ಭೇದವಿಲ್ಲ, ನೆಲದ ಮೇಲೆ ಅಜಗಜಾಂತರ.

ಹರಿಹರದಲ್ಲಂತೂ ಈ ಬಂಡಾಯಕ್ಕೂ ಜಾಗ ಕಡಿಮೆ. 2008ರಲ್ಲಿ ಬಿಜೆಪಿ, 2013ರಲ್ಲಿ ಜೆಡಿಎಸ್, 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಮತ್ತೆ ಬಿಜೆಪಿ. ಬಿ.ಪಿ. ಹರೀಶ್, ಎಚ್.ಎಸ್. ಶಿವಶಂಕರ್, ಎಸ್. ರಾಮಪ್ಪ ಎಂಬ ಮೂರು ಹೆಸರುಗಳ ಸುತ್ತಲೇ ಊರು ಸುತ್ತಿದೆ. ಮೂರು ಪಕ್ಷಗಳೂ ಗೆಲ್ಲಬಲ್ಲ ಊರಿನಲ್ಲಿ ಆಡಳಿತದ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಮತದಾರನಿಗೆ ಮೂರನೆಯವರು ಇದ್ದೇ ಇರುತ್ತಾರೆ. ನಾಲ್ಕನೆಯವನು ಬಂದು ‘ನಾನೂ ಇದ್ದೇನೆ’ ಎಂದರೆ ಕೇಳಿಸಿಕೊಳ್ಳಲು ಹರಿಹರಕ್ಕೆ ಪುರುಸೊತ್ತಿಲ್ಲ.

ಹಾಗಾದರೆ ಮನೆತನ, ಪಕ್ಷ ಇಲ್ಲದೆ ನಿಂತು ಒಂದಿಷ್ಟಾದರೂ ಗುರುತಿಸಿಕೊಂಡವರು? 2024ರಲ್ಲಿ ಜಿ.ಬಿ. ವಿನಯ್ ಕುಮಾರ್. ಐಎಎಸ್ ತರಬೇತಿ ಸಂಸ್ಥೆ ಕಟ್ಟಿ ಹೆಸರು ಮಾಡಿದವರು, ಕಕ್ಕರಗೊಳ್ಳದವರು. ಕಾಂಗ್ರೆಸ್ ಟಿಕೆಟ್ ಕೇಳಿದರು, ಸಿಗಲಿಲ್ಲ, ಗ್ಯಾಸ್ ಸಿಲಿಂಡರ್ ಗುರುತು ಹಿಡಿದು ನಿಂತರು. ಕುಟುಂಬ ರಾಜಕಾರಣದ ವಿರುದ್ಧ ಮಾತನಾಡಿದರು. ಅದಕ್ಕೆ ಈ ಕ್ಷೇತ್ರದಷ್ಟು ಹದವಾದ ಜಾಗ ಬೇರೊಂದಿರಲಿಕ್ಕಿಲ್ಲ. 1996ರಿಂದ ಈಚೆಗೆ ದಾವಣಗೆರೆಯ ಸಂಸದ ಸ್ಥಾನ ಎರಡೇ ಮನೆಗಳ ನಡುವೆ ಓಡಾಡಿದೆ. ಜಿ. ಮಲ್ಲಿಕಾರ್ಜುನಪ್ಪ, ಶಾಮನೂರು ಶಿವಶಂಕರಪ್ಪ, ಮತ್ತೆ ಮಲ್ಲಿಕಾರ್ಜುನಪ್ಪ, ಆಮೇಲೆ ಅವರ ಮಗ ಸಿದ್ದೇಶ್ವರ ನಾಲ್ಕು ಸಲ. 2024ರಲ್ಲಿ ಎದುರುಬದುರಾದವರು ಒಂದು ಮನೆಯ ಸೊಸೆ ಪ್ರಭಾ ಮಲ್ಲಿಕಾರ್ಜುನ್, ಇನ್ನೊಂದು ಮನೆಯ ಸೊಸೆ ಗಾಯತ್ರಿ ಸಿದ್ದೇಶ್ವರ.

ಆದರೆ ವಿನಯ್ ಕುಮಾರ್ ಬಗ್ಗೆ ಊರು ಮಾತನಾಡಿದ್ದು ಈ ವಾದದ ಬಗ್ಗೆ ಅಲ್ಲ. ಕುರುಬ ಸಮಾಜದವರು, ಆದ್ದರಿಂದ ಕಾಂಗ್ರೆಸ್ಸಿನ ಮತ ಒಡೆಯುತ್ತಾರೆ ಎಂಬ ಒಂದೇ ಲೆಕ್ಕ. ಅವರಿಗೆ ಮತ ಹಾಕಿದರೆ ಬಿಜೆಪಿಗೆ ಹಾಕಿದಂತೆ ಎಂಬ ಎಚ್ಚರಿಕೆ ಸ್ವತಃ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಪ್ರಚಾರದಲ್ಲೇ ಬಂತು. ಒಬ್ಬ ಪಕ್ಷೇತರನ ಹೆಸರನ್ನು ಮುಖ್ಯಮಂತ್ರಿ ವೇದಿಕೆಯ ಮೇಲೆ ಹೇಳುವುದೆಂದರೆ ಅದಕ್ಕಿಂತ ದೊಡ್ಡ ಪ್ರಚಾರ ಯಾವುದಿದೆ! ಆದರೆ ಹೇಳಿದ್ದು ಹೀಗೆ.

ಫಲಿತಾಂಶ ಆ ಲೆಕ್ಕವನ್ನು ಕೆಡಿಸಿತು. ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ 26,094 ಮತಗಳಿಂದ ಗೆದ್ದರು. ವಿನಯ್ ಕುಮಾರ್ ಅವರಿಗೆ 42,907. ಅಂತರಕ್ಕಿಂತ ಹೆಚ್ಚು ಮತ ಪಡೆದರು, ಆದರೆ ಯಾರನ್ನು ಸೋಲಿಸುತ್ತಾರೆಂದು ಹೇಳಿದ್ದರೋ ಅವರೇ ಗೆದ್ದರು. ಹಾಗಾದರೆ ಆ 42,907 ಯಾರ ಮತ? ಅವರಿಗೆ ಹಾಕಿದವರ ಮತ ಎಂಬ ಸರಳ ಉತ್ತರ ಆ ವಾರದ ವಿಶ್ಲೇಷಣೆಗಳಲ್ಲಿ ನನಗಂತೂ ಸಿಗಲಿಲ್ಲ. ಇನ್ನೊಂದು ವಿಷಯ: ಚಲಾವಣೆಯಾದ ಕ್ರಮಬದ್ಧ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದಿದ್ದರೆ ಠೇವಣಿ ಮುಟ್ಟುಗೋಲು. ಈ ಕ್ಷೇತ್ರದಲ್ಲಿ ಅದಕ್ಕೆ ಎರಡು ಲಕ್ಷಕ್ಕೂ ಮೇಲೆ ಮತ ಬೇಕಿತ್ತು. ಹೀಗಾಗಿ ಮೂರನೇ ಸ್ಥಾನದ ವಿನಯ್ ಕುಮಾರ್ ಅವರನ್ನೂ ಸೇರಿಸಿ 28 ಮಂದಿಯ ಠೇವಣಿ ಹೋಯಿತು. ಒಂದು ಸಣ್ಣ ಪಟ್ಟಣದಷ್ಟು ಜನ ಮತ ಹಾಕಿದ ವ್ಯಕ್ತಿಯೂ ಸರ್ಕಾರದ ಕಡತದಲ್ಲಿ ‘ಗಂಭೀರವಲ್ಲದ’ ಅಭ್ಯರ್ಥಿಯೇ. ದೇಶಮಟ್ಟದಲ್ಲಿ ಅದೇ ಚುನಾವಣೆಗೆ 3,921 ಪಕ್ಷೇತರರು ನಿಂತಿದ್ದರು, 3,905 ಮಂದಿ ಠೇವಣಿ ಕಳೆದುಕೊಂಡರು, ಗೆದ್ದವರು ಏಳು.

ಮೊದಲಿನಿಂದಲೂ ದಾವಣಗೆರೆ ಹೀಗೇ ಇತ್ತೆ? ಇರಲಿಲ್ಲ. ಹೊಸ ತಲೆಮಾರಿನವರಿಗೆ ಹೇಳಿದರೆ ನಂಬುವುದು ಕಷ್ಟ, ಈ ಊರಿನಿಂದ ಕಮ್ಯುನಿಸ್ಟ್ ಪಕ್ಷದ ಶಾಸಕರೊಬ್ಬರು ಸತತ ಮೂರು ಸಲ ಗೆದ್ದಿದ್ದರು. 1978, 1983, 1985. ಕಾಮ್ರೇಡ್ ಪಂಪಾಪತಿ. ಸಿಪಿಐ ರಾಜ್ಯದ ಬೇರೆಡೆಗಳಲ್ಲಿ ‘ಇತರರು’ ಸಾಲಿನಲ್ಲಿದ್ದ ಕಾಲದಲ್ಲೇ ಇಲ್ಲಿ ಕುಡುಗೋಲು-ತೆನೆ ಗೆಲ್ಲುವ ಗುರುತು. ಅಶೋಕ ರಸ್ತೆಯಲ್ಲಿರುವ ಪಕ್ಷದ ಕಚೇರಿಗೆ ಇಂದಿಗೂ ಅವರದೇ ಹೆಸರು.

ಪಂಪಾಪತಿಯವರಿಗೆ ಇದು ಹೇಗೆ ಸಾಧ್ಯವಾಯಿತು? ಆಗ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್. ದಾವಣಗೆರೆ ಕಾಟನ್ ಮಿಲ್, ಚಂದ್ರೋದಯ, ಶಂಕರ್ ಟೆಕ್ಸ್‌ಟೈಲ್ಸ್ ಹೀಗೆ ಒಂದರ ಮೇಲೊಂದು ಹತ್ತಿ ಗಿರಣಿಗಳು. ಗಿರಣಿಯಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ಸಾವಿರಾರು ಜನ ತಾವಾಗಿಯೇ ಸೇರುತ್ತಾರೆ. ಗೇಟ್ ಮೀಟಿಂಗಿಗೆ ಪೆಂಡಾಲು ಬೇಡ, ಲಾರಿಯಲ್ಲಿ ಜನ ಕರೆಸುವುದು ಬೇಡ. ಬೋನಸ್ ಕೊಡಿಸಿದವನು, ಕೆಲಸದಿಂದ ತೆಗೆದವರನ್ನು ಮತ್ತೆ ಸೇರಿಸಿದವನು ಯಾರೆಂದು ಆ ಜನಕ್ಕೆ ವರ್ಷಗಳಿಂದ ಗೊತ್ತು. ಪಾಳಿಯಲ್ಲಿ ಎಲ್ಲ ಜಾತಿಯವರೂ ಇದ್ದರು. ಚುನಾವಣೆ ಘೋಷಣೆಯಾಗುವ ಹೊತ್ತಿಗೆ ಪಂಪಾಪತಿ ಅವರ ಪರಿಚಯದ ಕೆಲಸ ಮುಗಿದಿತ್ತು. ಹದಿಮೂರು ದಿನದ ಗಡಿ ಅವರಿಗೆ ತಾಗಲಿಲ್ಲ.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಹೋದದ್ದು ಕೂಲಿ ಮಾತ್ರ ಎಂದು ನಾವು ಬರೆದೆವು. ಹಣವಿಲ್ಲದ, ಸಮಾಜದ ಬಲವಿಲ್ಲದ ಮನುಷ್ಯ ಮೆಟ್ಟಿಲು ಮೆಟ್ಟಿಲಾಗಿ ಊರಿಗೆ ಪರಿಚಯವಾಗುತ್ತಿದ್ದ ಜಾಗವೂ ಅದರೊಂದಿಗೆ ಹೋಯಿತು. ಈಗ ಈ ಅವಳಿ ಊರುಗಳಲ್ಲಿ ಸಾವಿರ ಜನ ದಿನಾ ಒಂದೆಡೆ ಸೇರುವುದು ಕಾಲೇಜುಗಳಲ್ಲಿ, ಆಸ್ಪತ್ರೆಗಳಲ್ಲಿ. ಅವುಗಳ ಗೇಟಿನ ಮುಂದೆ ಯಾರೂ ಭಾಷಣ ಮಾಡುವಂತಿಲ್ಲ. ಅವುಗಳಲ್ಲಿ ಎಷ್ಟು ಸಂಸ್ಥೆಗಳು ಯಾರ ಮನೆಯವೆಂದು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂಟಿ ಅಭ್ಯರ್ಥಿಯ ಸೋಲನ್ನು ಅವನ ಮಂಕುತನವೆಂದೋ ಜನರ ಜಾತಿಬುದ್ಧಿಯೆಂದೋ ಹೇಳುವವರು ಈ ಮುಚ್ಚಿದ ಗೇಟುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೆಟ್ಟಿಲು ಇನ್ನೂ ಉಳಿದಿರುವುದು ತೀರ ಕೆಳಗೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಅಲ್ಲಿ ಎಲ್ಲರೂ ಕಾನೂನಿನ ಪ್ರಕಾರ ಪಕ್ಷೇತರರು. ಲೋಕಸಭೆಯಲ್ಲಿ ಮುನ್ನೂರು ಮತ ತೆಗೆದುಕೊಂಡು ನಗೆಪಾಟಲಾದವನು ಅದೇ ಮುನ್ನೂರು ಮತದಲ್ಲಿ ಪಂಚಾಯಿತಿ ಸದಸ್ಯನಾಗಬಹುದು. ದಾವಣಗೆರೆ ಮಹಾನಗರ ಪಾಲಿಕೆಯ 45 ವಾರ್ಡುಗಳಿಗೆ 2019ರ ನವೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 22, ಬಿಜೆಪಿ 17, ಜೆಡಿಎಸ್ 1, ಪಕ್ಷೇತರರು 5. ಯಾರಿಗೂ ಬಹುಮತವಿಲ್ಲ. ಆ ಐವರಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಬೆಲೆ ಬಂತು. 2020ರ ಆರಂಭದಲ್ಲಿ ಪಕ್ಷೇತರರ ಬೆಂಬಲದೊಂದಿಗೆ ಮೇಯರ್ ಹುದ್ದೆ ಹಿಡಿದದ್ದು ಎರಡನೇ ಸ್ಥಾನದ ಬಿಜೆಪಿ. ವಾರ್ಡಿನಲ್ಲಿ ‘ಯಾರು ನಿಲ್ಲಿಸ್ಯಾರ’ ಎಂದು ಕೇಳುವವರಿರಲಿಲ್ಲ. ಚರಂಡಿ ಕಟ್ಟಿಕೊಂಡಾಗ, ನಲ್ಲಿಯಲ್ಲಿ ನೀರು ಬಾರದಾಗ ಯಾರ ಮನೆ ಬಾಗಿಲು ತಟ್ಟಬೇಕೆಂದು ಕೆಲವು ಸಾವಿರ ಮತದಾರರಿಗೆ ಮೊದಲೇ ಗೊತ್ತಿತ್ತು. ಹೀಗಿದ್ದೂ ಪಂಚಾಯಿತಿ, ಪಾಲಿಕೆ ಚುನಾವಣೆಗಳನ್ನು ಸರ್ಕಾರಗಳು ವರ್ಷಗಟ್ಟಲೆ ಮುಂದಕ್ಕೆ ತಳ್ಳುತ್ತ ಹೋಗುತ್ತವೆ. ಹೊಸಬರಿಗೆ ಉಳಿದಿರುವ ಒಂದೇ ಮೆಟ್ಟಿಲಿಗೂ ಬೀಗ.

ಸೋತವರು ಆಮೇಲೆ ಏನು ಮಾಡುತ್ತಾರೆ? ಬಹಳಷ್ಟು ಜನ ಸುಮ್ಮನಾಗುತ್ತಾರೆ. ಕೆಲವರಿಗೆ ಅದೇ ಬದುಕಾಗುತ್ತದೆ. ಬೆಂಗಳೂರಿನ ಹೊಟ್ಟೆ ಪಕ್ಷದ ರಂಗಸ್ವಾಮಿ 86 ಚುನಾವಣೆಗಳಲ್ಲಿ ನಿಂತು, 2007ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸೋಲಿನಿಂದಲೇ ರಾಜ್ಯಕ್ಕೆಲ್ಲ ಪರಿಚಿತರಾಗಿದ್ದರು. ಮೆಟ್ಟೂರಿನ ಪದ್ಮರಾಜನ್ 1988ರಲ್ಲಿ ಶುರು ಮಾಡಿ ಇನ್ನೂರರ ಗಡಿ ದಾಟಿದ್ದಾರೆ. ಇನ್ನು ಕೆಲವರು ಫಲಿತಾಂಶದ ನಂತರ ಪ್ರಕಟವಾಗುವ ನಮೂನೆ 20 ತೆಗೆದು ಕೂರುತ್ತಾರೆ. ಅದರಲ್ಲಿ ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಎಷ್ಟು ಮತ ಬಂತೆಂದು ಇರುತ್ತದೆ. ದೊಡ್ಡ ಪಕ್ಷದವರು ಅದನ್ನು ಮುಂದಿನ ಸಲದ ಲೆಕ್ಕಾಚಾರಕ್ಕೆ ಓದುತ್ತಾರೆ. ಒಂಟಿ ಅಭ್ಯರ್ಥಿ ಓದುವುದು ತನ್ನ ಸ್ವಂತ ಬೂತಿನ ಸಾಲನ್ನು. ಮನೆಯಲ್ಲಿ ಐದು ಮತವಿದ್ದು ಅಲ್ಲಿ ಮೂರು ಎಂದಿದ್ದರೆ? ಯಾರದೆಂದು ಹೇಳುವ ಅಂಕಣ ನಮೂನೆಯಲ್ಲಿಲ್ಲ, ಇರಲೂಬಾರದು. ಆದರೆ ಎಂದೂ ಹೋಗದ ಹರಪನಹಳ್ಳಿಯ ಯಾವುದೋ ಹಳ್ಳಿಯ ಬೂತಿನಲ್ಲಿ ಒಂಬತ್ತು ಮತ ಬಂದಿರುವುದೂ ಅದೇ ಹಾಳೆಯಲ್ಲಿರುತ್ತದೆ. ಗುಂಡಿ ತಪ್ಪಿ ಒತ್ತಿದವರೋ, ಚಿಹ್ನೆ ಚೆನ್ನಾಗಿದೆ ಎಂದವರೋ, ನಿಜಕ್ಕೂ ಒಪ್ಪಿದವರೋ, ಯಾರು ಹೇಳಬೇಕು?

ಇಂಗ್ಲೆಂಡಿನಲ್ಲೂ ಠೇವಣಿ ಇದೆ, 500 ಪೌಂಡ್. ಹತ್ತು ಮತದಾರರ ಸಹಿಯೂ ಬೇಕು, ಅದು ಎಲ್ಲ ಅಭ್ಯರ್ಥಿಗಳಿಗೂ ಒಂದೇ. ಆದರೆ ನೂರಕ್ಕೆ ಐದು ಮತ ಬಂದರೆ ಠೇವಣಿ ವಾಪಸ್. ಪ್ರತಿ ಅಭ್ಯರ್ಥಿಯ ಒಂದು ಕರಪತ್ರವನ್ನು ಅಂಚೆಯವರು ಮತದಾರರಿಗೆ ಉಚಿತವಾಗಿ ಮುಟ್ಟಿಸುತ್ತಾರೆ. ಫಲಿತಾಂಶ ಹೇಳುವಾಗ ಎಲ್ಲರನ್ನೂ ಒಂದೇ ವೇದಿಕೆಗೆ ಕರೆದು, ಒಬ್ಬೊಬ್ಬರ ಹೆಸರು, ಮತ ಓದುತ್ತಾರೆ. 2024ರಲ್ಲಿ ಪ್ರಧಾನಿ ರಿಷಿ ಸುನಕ್ ತಮ್ಮ ಕ್ಷೇತ್ರದ ಫಲಿತಾಂಶ ಕೇಳಿದ್ದು ತಲೆಗೆ ಕಸದ ಡಬ್ಬಿ ಹಾಕಿಕೊಂಡ ಕೌಂಟ್ ಬಿನ್‌ಫೇಸ್ ಎಂಬ ವಿದೂಷಕ ಅಭ್ಯರ್ಥಿಯೊಂದಿಗೆ ವೇದಿಕೆ ಹಂಚಿಕೊಂಡು. ಅಲ್ಲಿ 1963ರಿಂದ ಮೂರೂವರೆ ದಶಕ ಚುನಾವಣೆಗೆ ನಿಲ್ಲುತ್ತಲೇ ಇದ್ದ ಸ್ಕ್ರೀಮಿಂಗ್ ಲಾರ್ಡ್ ಸಚ್ ಮೊದಲ ಸಲ ನಿಂತಾಗ ಕೇಳಿದ್ದು ಹದಿನೆಂಟು ತುಂಬಿದವರಿಗೆ ಮತದ ಹಕ್ಕು. ನಕ್ಕವರ ಸಂಸತ್ತೇ 1969ರಲ್ಲಿ ಅದನ್ನು ಕೊಟ್ಟಿತು. ನಮ್ಮ ಎಣಿಕೆ ನಡೆಯುವ ತೋಳಹುಣಸೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಗೆದ್ದವರು ಪ್ರಮಾಣಪತ್ರ ಪಡೆದು ಹೊರಗೆ ಬರುವ ಹೊತ್ತಿಗೆ ಇಪ್ಪತ್ತೆಂಟು ಮಂದಿ ಎಲ್ಲಿದ್ದರೆಂದು ಕ್ಯಾಮೆರಾಗಳಿಗೆ ಗೊತ್ತಿರುವುದಿಲ್ಲ.

ಆ ದೇಶದ ಪದ್ಧತಿಯನ್ನೆಲ್ಲ ತರಬೇಕೆಂದಲ್ಲ. ನಮ್ಮಲ್ಲಿ ಮತದಾನಕ್ಕೆ ಮುಂಚೆ ಮತಗಟ್ಟೆ ಮಟ್ಟದ ಅಧಿಕಾರಿಗಳು (ಬಿಎಲ್‌ಒ) ಮನೆ ಮನೆಗೆ ಮತದಾರರ ಮಾಹಿತಿ ಚೀಟಿ ಹಂಚುತ್ತಾರೆ. ಬೂತು ಎಲ್ಲಿ, ಕ್ರಮಸಂಖ್ಯೆ ಎಷ್ಟು ಎಂದಷ್ಟೇ ಅದರಲ್ಲಿರುತ್ತದೆ. ಅದರೊಂದಿಗೆ ಇನ್ನೊಂದು ಹಾಳೆಯಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರು, ಫೋಟೊ, ಚಿಹ್ನೆ, ಓದು, ಉದ್ಯೋಗ, ತಾನೇಕೆ ನಿಂತೆ ಎಂಬುದರ ನಾಲ್ಕು ಸಾಲು ಕೊಡಬಹುದು. ಮಾಹಿತಿಯೆಲ್ಲ ಪ್ರಮಾಣಪತ್ರದ ರೂಪದಲ್ಲಿ ಆಯೋಗದ ಬಳಿ ಈಗಲೇ ಇದೆ. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ, ಹುಡುಕುವವರಿಲ್ಲ. ಆ ನಾಲ್ಕು ಸಾಲು ಓದಿದ ಮೇಲೂ ಎರಡನೇ ಯಂತ್ರದ ಕಡೆ ಯಾರೂ ನೋಡದೆ ಹೋಗಬಹುದು. ಆಗ ಅದು ಗೊತ್ತಿದ್ದು ಬೇಡವೆಂದಂತೆ. ಈಗ ಆಗುತ್ತಿರುವುದು ಗೊತ್ತೇ ಇಲ್ಲದೆ.

ಅಲ್ಲಿಯವರೆಗೆ ನಿಲ್ಲುವವರು ಒಂದು ನಿಯಮ ಮರೆಯದಿರಲಿ. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಲೋಕಸಭೆಗೆ 95 ಲಕ್ಷದ ಮಿತಿ ಎಂಬುದು ಓದಿ ನಗುವ ವಿಷಯವಿರಬಹುದು, ಆದರೆ ಮೂವತ್ತು ಸಾವಿರ ಖರ್ಚು ಮಾಡಿದವನೂ ಬಿಲ್ಲು, ರಸೀದಿ, ಬ್ಯಾಂಕ್ ಖಾತೆಯ ವಿವರ ಇಡಲೇಬೇಕು. ದೊಡ್ಡ ಪಕ್ಷದವರಿಗೆ ಇದಕ್ಕೆ ಲೆಕ್ಕಪರಿಶೋಧಕರಿದ್ದಾರೆ. ಸೋತು, ಠೇವಣಿಯೂ ಹೋಗಿ, ಇನ್ನೇನಿದೆ ಎಂದು ಮನೆಯಲ್ಲಿ ಕುಳಿತವನಿಗೆ ನೋಟಿಸ್ ಬರುತ್ತದೆ. ಉತ್ತರಿಸದಿದ್ದರೆ ಮೂರು ವರ್ಷ ಯಾವ ಶಾಸನಸಭೆಗೂ ನಿಲ್ಲುವಂತಿಲ್ಲ.